ಬ್ಯಾನಿಯ ಒಡಪು

ಮದುವೆಯ ದಿನ ನನ್ನ ಹೆಸರು ಹೇಳೆಂದು ಎಲ್ಲರೂ ಕಾಡಿದಾಗ ಮಹಾಂತೇಶ ಪ್ರಾಸ ಕಟ್ಟಿ ಒಡಪು ಹಾಕಿದ್ದ: "ಬೆಳ್ಳಿ ಬಟ್ಟಲಾಗ ಬೆಲ್ಲದ ಪಾನಕ, ನೀಲವ್ವನ ಬ್ಯಾನಿ ನಾ ತಿಂತೀನಿ ಕೊನೀತನಕ!" ಹಂದರವೆಲ್ಲ ನಕ್ಕಿತ್ತು. ನಮ್ಮ ಕಡೆ ಹೆರಿಗೆ ನೋವಿಗೆ ಬ್ಯಾನಿ ಅಂತಲೂ, ಅದನ್ನು ಅನುಭವಿಸುವುದಕ್ಕೆ 'ತಿನ್ನುವುದು' ಅಂತಲೂ ಹೇಳುತ್ತಾರೆ.

ಮೊದಲ ಹೆರಿಗೆಯ ಹೊತ್ತಿಗೆ ನಮ್ಮ ಊರಿಗೆ ಬ್ಯಾನಿಪಟ್ಟಿ ಬಂದಿರಲಿಲ್ಲ. ಹಗಲೂ ರಾತ್ರಿ ನಾನೊಬ್ಬಳೇ ತಿಂದೆ. ಹೊರಗೆ ಗಿರಮಿಟ್ಟು ಮೆಲ್ಲುತ್ತಿದ್ದ ಆತ, "ಜಗತ್ತಿನಾಗ ಈಕಿ ಒಬ್ಬಾಕಿನ ಹಡಿಯಾಕಿ ನೋಡ್ರಿ, ಏನ್ ಚೀರ್ತಾಳ!" ಎಂದು ಗೆಳೆಯರಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತ್ತು.

ಈಗ ಎರಡನೇ ಹೆರಿಗೆಯ ಹೊತ್ತಿಗೆ ಪಟ್ಟಿ ಎಲ್ಲ ಆಸ್ಪತ್ರೆಗಳಲ್ಲೂ ಇದೆ. ಗಂಡ ಹೆಂಡಿರ ಮಣಿಕಟ್ಟಿಗೆ ಒಂದೊಂದು ಕಟ್ಟಿದರೆ ಬ್ಯಾನಿ ಹೆಂಡತಿಯಿಂದ ಗಂಡನಿಗೆ ದಾಟುತ್ತದೆ. ಒಡಪಿನಲ್ಲಿ ಗಂಡ ಆಡಿದ ಮಾತನ್ನು ಅವನ ಒಪ್ಪಿಗೆಯೆಂದೇ ಹಿಡಿಯುತ್ತಾರೆ.

"ಕೂಸು ನಾಕೂವರೆ ಕಿಲೋ ದಾಟೇತಿ," ಎಂದರು ಡಾಕ್ಟರಬಾಯಿ. "ಅರ್ಧ ಅರ್ಧ ಹಂಚೂಣೇನವಾ? ಭಾಳ ಮಂದಿ ಹಂಗ ಮಾಡ್ತಾರ."

ಕೂಸಿನ ಭುಜ ಸಿಕ್ಕಿಕೊಂಡರೆ ಎಂದು ತಿಂಗಳಿಂದ ನನಗೆ ನಿದ್ದೆಯಿಲ್ಲ. ಪಟ್ಟಿ ಬ್ಯಾನಿಯನ್ನಷ್ಟೇ ಒಯ್ಯುತ್ತದೆ, ಹೆದರಿಕೆಯನ್ನು ಒಯ್ಯುವುದಿಲ್ಲ.

ಮಹಾಂತೇಶ ನನ್ನ ಕೈ ಹಿಡಿದ. "ನೀಲಾ, ಅದು ಚ್ಯಾಷ್ಟಿಗೆ ಅಂದಿದ್ದೆ. ಪ್ರಾಸ ಕೂಡಲಿ ಅಂತ."

"ಪ್ರಾಸ ಚಲೋ ಕೂಡೇತ್ರಿ," ಎಂದೆ. "ಬಾಯಾರ, ಪೂರಾ ಬ್ಯಾನಿ ಅವರಿಗೇ ದಾಟಿಸ್ರಿ."

ಮಧ್ಯಾಹ್ನ ಆತ "ಬಿಚ್ರಿ, ಸಾಯ್ತೀನಿ!" ಎಂದು ಚೀರಿದಾಗ ನರ್ಸ್ ನನ್ನ ಮುಖ ನೋಡಿದಳು. ಬ್ಯಾಡ ಅಂದೆ.

ಸಂಜೆ ಕೂಸು ಹುಟ್ಟಿತು. ಭುಜ ಸಿಕ್ಕಿಕೊಳ್ಳಲಿಲ್ಲ. ಮಹಾಂತೇಶ ಕೊಟ್ಟ ಮಾತು ನಡೆಸಿದ.