ಎಡಚ ಕಟ್ಟಿದ ಗಂಟು

ಎಲ್ಲರೂ ಭಾವನನ್ನು ಎತ್ತಿ ವ್ಯಾನಿನಲ್ಲಿ ಮಲಗಿಸುತ್ತಿದ್ದಾಗ ಎಡಚ ಮಾತ್ರ ಜೊತೆಗೇ ಬಿದ್ದಿದ್ದ ಹಗ್ಗದ ತುದಿ ಕತ್ತರಿಸುತ್ತಿದ್ದ. ಬಣ್ಣ ಕೆರೆಯುವ ಚಾಕು ಮೊಂಡಾಗಿತ್ತು. ಗಂಟಿದ್ದ ಗೇಣುದ್ದದ ತುಂಡು ಕೈಗೆ ಬಂದದ್ದೇ ತಡ, ನೋಡದೆ ಜೇಬಿಗೆ ತುರುಕಿದ.

"ಏನಾಯ್ತೋ?" ಮೇಸ್ತ್ರಿ ಏದುಸಿರು ಬಿಡುತ್ತ ಬಂದ.

"ಗೊತ್ತಿಲ್ಲ ಮೇಸ್ತ್ರಿ. ನಾನು ಕೆಳಗೆ ಬಣ್ಣ ಕಲಸ್ತಿದ್ದೆ."

ಸುಳ್ಳೇನಲ್ಲ. ಆದರೆ ಕೆಳಗೆ ಬರುವ ಮೊದಲು ತಾರಸಿಯ ಮೋಟು ಕಂಬಕ್ಕೆ ಹಗ್ಗ ಕಟ್ಟಿದವನು ಅವನೇ. ಹಲಗೆಯ ಮೇಲೆ ಕೂತು ಗೋಡೆಗುಂಟ ಇಳಿಯುವವನು ತನ್ನ ಹಗ್ಗ ತಾನು ಕಟ್ಟಬಾರದು, ಜೊತೆಗಾರ ಕಟ್ಟಬೇಕು. ಅದು ಮೇಸ್ತ್ರಿ ಮಾಡಿದ ನಿಯಮ. ಐದು ವರ್ಷದಿಂದ ಭಾವ ಇಳಿಯುತ್ತಿದ್ದ, ಎಡಚ ಕಟ್ಟುತ್ತಿದ್ದ. ಎಲ್ಲರ ಗಂಟಿನ ಸುತ್ತು ಬಲಕ್ಕಿದ್ದರೆ ಇವನದು ಎಡಕ್ಕೆ. "ಇವನ ಗಂಟು ಬಿಚ್ಚೋಕೆ ಕನ್ನಡಿ ಹಿಡಿಬೇಕಪ್ಪಾ!" ಎಂದು ಜೊತೆಯವರು ರೇಗಿಸುತ್ತಿದ್ದರು.

ಆ ಬೆಳಿಗ್ಗೆ ತಾರಸಿಯಲ್ಲಿ ಜಗಳವಾಗಿತ್ತು. ಹಿಂದಿನ ದಿನ ಭಾವ ನೆಂಟರೆದುರು ಅಕ್ಕನಿಗೆ ಬಾಯಿಗೆ ಬಂದಂತೆ ಬೈದಿದ್ದ. ಭಾವನಿಗೆ ಎಂದೂ ಏಕವಚನ ಬಳಸದ ಎಡಚ ಹಗ್ಗ ಬಿಗಿಯುತ್ತಲೇ ಅಂದುಬಿಟ್ಟಿದ್ದ: "ನೀನು ಬಿದ್ದು ಹೋದ್ರೆ ನಮ್ಮಕ್ಕ ನೆಮ್ಮದಿಯಾಗಿರ್ತಾಳೆ."

ಭಾವ ಗಂಟನ್ನೇ ನೋಡುತ್ತ ನಿಂತಿದ್ದ.

ಅರ್ಧ ಗಂಟೆಯಲ್ಲಿ ಕುಣಿಕೆ ಸಡಿಲಾಗಿ ಕಂಬದಿಂದ ಕಳಚಿತ್ತು. ಎರಡನೇ ಮಹಡಿಯಿಂದ ಬಿದ್ದ ಭಾವನ ಎರಡೂ ಕಾಲು ಮುರಿದವು. ಸಿಟ್ಟಿನಲ್ಲಿ ಸರಿಯಾಗಿ ಬಿಗಿಯಲಿಲ್ಲವೋ, ಬೇಕೆಂದೇ ಬಿಗಿಯಲಿಲ್ಲವೋ? ಎಡಚನಿಗೆ ತನ್ನ ಕೈಗಳ ಮೇಲೇ ನಂಬಿಕೆ ಹೋಯಿತು.

ನಾಲ್ಕು ತಿಂಗಳು ಭಾವನನ್ನು ಮಗುವಿನ ಹಾಗೆ ನೋಡಿಕೊಂಡ. ಮೈ ಒರೆಸಿದ, ಬಚ್ಚಲಿಗೆ ಹೊತ್ತೊಯ್ದ, ಕಾಲಿಗೆ ಎಣ್ಣೆ ತಿಕ್ಕಿದ. "ತಮ್ಮ ಅಂದ್ರೆ ಹೀಗಿರಬೇಕು" ಎಂದು ಅಕ್ಕ ಬಂದವರಿಗೆಲ್ಲ ಹೇಳುವಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಭಾವನೂ ಅವನ ಮುಖ ನೋಡಿ ಮಾತಾಡುತ್ತಿರಲಿಲ್ಲ. "ಸಾಕು ಬಿಡೋ ಮಾರಾಯ, ನನಗೆ ಇಷ್ಟೆಲ್ಲ ಮಾಡ್ಬೇಡ" ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಗೊತ್ತಾಗಿದೆ, ಅಕ್ಕನ ಮುಖ ನೋಡಿ ಸುಮ್ಮನಿದ್ದಾರೆ ಎಂದುಕೊಂಡ ಎಡಚ.

ಕೊನೆಗೊಂದು ದಿನ ಭಾವ ಊರುಗೋಲಿಲ್ಲದೆ ಅಂಗಳದ ತನಕ ನಡೆದ. ಅಕ್ಕನ ಕಣ್ಣಲ್ಲಿ ನೀರು.

"ಸೋಮವಾರ ಕೆಲಸಕ್ಕೆ ಹೋಗೋಣ," ಎಂದ ಭಾವ. "ಹಗ್ಗ ನೀನೇ ಕಟ್ಬೇಕು."

ಎಡಚನಿಗೆ ತಡೆಯಲಾಗಲಿಲ್ಲ. ಅಕ್ಕ ಒಳಗೆ ಹೋದದ್ದೇ ತನ್ನ ಪೆಟ್ಟಿಗೆಯ ತಳದಿಂದ ಬಟ್ಟೆಯ ಸುರುಳಿಯೊಂದನ್ನು ತಂದು ಭಾವನ ಮುಂದಿಟ್ಟ. ಆ ದಿನ ಸುತ್ತಿಟ್ಟದ್ದು, ಮತ್ತೆ ಬಿಡಿಸಿ ನೋಡುವ ಧೈರ್ಯವಾಗಿರಲಿಲ್ಲ.

"ನಿಮ್ಮನ್ನ ಬೀಳಿಸಿದ್ದು ನಾನೇ ಭಾವ. ಗಂಟು ಕತ್ತರಿಸಿ ಬಚ್ಚಿಟ್ಟೆ. ಅಕ್ಕನಿಗೆ ನೀವೇ ಹೇಳಿ, ನನ್ನ ಕೈಲಾಗಲ್ಲ."

ಭಾವ ಬಟ್ಟೆ ಬಿಡಿಸಿದ. ಗಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದನ್ನು ಎಡಚನ ಅಂಗೈಯಲ್ಲಿಟ್ಟು ತಲೆ ತಗ್ಗಿಸಿದ.

"ಸುತ್ತು ಬಲಕ್ಕಿದೆ, ನೋಡೋ. ನೀನು ಕೆಳಗೆ ಹೋದ ಮೇಲೆ ನಿನ್ನ ಗಂಟು ಬಿಚ್ಚಿ ನಾನೇ ಕಟ್ಕೊಂಡಿದ್ದೆ."