ಹಿರೇನಲ್ಲೂರಿನ ಬಿಸಿಲಿಗೆ ಬೇಯದ ಅನ್ನ

ಅನ್ನ ಇವತ್ತೂ ಬೆಂದಿರಲಿಲ್ಲ.

ಸೋಲಾರ್ ಕುಕ್ಕರಿನ ಗಾಜು ಎತ್ತಿ ಒಳಗೆ ಕೈ ಹಾಕಿದ ಲಕ್ಷ್ಮೀಪತಿಯ ಬೆರಳು ಕಪ್ಪು ತಗಡಿಗೆ ತಗುಲಿ ಚುರ್ ಎಂದಿತು. ಪಾತ್ರೆಯ ನೀರು ಮಾತ್ರ ಉಗುರುಬೆಚ್ಚಗಿತ್ತು. ಅಕ್ಕಿ ತಳದಲ್ಲಿ ಹಾಗೇ ಕೂತಿತ್ತು.

"ಬೆಳಿಗ್ಗೆನೇ ಇಟ್ಟೆ ಸ್ವಾಮಿ. ಏನ್ ಮಾಡಿದ್ರೂ ಬೇಯಲ್ಲ," ಎಂದಳು ಮನೆಯೊಡತಿ ವಿಮಲಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ನಮ್ಮೂರ್ ಬಿಸ್ಲಲ್ಲಿ ಕಸುವಿಲ್ಲ ಕಣ್ರೀ," ಎಂದು ದನಿಗೂಡಿಸಿದ ಅವಳ ಗಂಡ ಕಲ್ಲೇಶಪ್ಪ. ತಲೆ ಸುಡುತ್ತದೆಂದು ಅವನು ಒದ್ದೆ ಟವೆಲ್ ಹೊದ್ದು ನಿಂತಿದ್ದ.

ಲಕ್ಷ್ಮೀಪತಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಸೌದೆ, ಸೀಮೆಎಣ್ಣೆ ಉಳಿಸುವ ಸರ್ಕಾರದ ಯೋಜನೆಗೆ ಈ ಊರನ್ನೇ ಹಟ ಹಿಡಿದು ಆರಿಸಿದವನು ಅವನು. ಎಂಬತ್ನಾಲ್ಕರ ಆ ಬೇಸಿಗೆಯ ಆರಂಭದಲ್ಲಿ, ಶಾಲೆಯ ಮೈದಾನದಲ್ಲಿ ಊರಿನವರೆದುರೇ ಇಂಥದ್ದೇ ಪೆಟ್ಟಿಗೆಯಲ್ಲಿ ಅನ್ನ ಬೇಯಿಸಿ ತೋರಿಸಿದ್ದ. ಮಲ್ಲಿಗೆಯಂಥ ಅನ್ನ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮನೆಮನೆಗೆ ಪೆಟ್ಟಿಗೆ ಹೋದ ಮೇಲೆ ಮಾತ್ರ ಎಲ್ಲೂ ಒಂದು ಕಾಳೂ ಬೇಯಲಿಲ್ಲ.

ಆಮೇಲೂ ವಾರವಾರ ಕಡೂರಿನಿಂದ ಜೀಪಿನಲ್ಲಿ ಬಂದ. ಗಾಜು ಬದಲಿಸಿದ, ರಬ್ಬರ್ ಪಟ್ಟಿ ಬಿಗಿ ಮಾಡಿದ, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ತೋರಿಸಿದ. ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ಮತ್ತೆ ಹಸಿ ಅಕ್ಕಿ. ಮೇಲಧಿಕಾರಿಗಳು ಕೊನೆಗೆ ರೇಗಿದರು: "ಪೆಟ್ಟಿಗೆಗಳನ್ನೆಲ್ಲ ವಾಪಸ್ ತನ್ನಿ. ನೀವು ಆಫೀಸಿನಲ್ಲೇ ಕೂತು ಫೈಲು ನೋಡಿ, ಸಾಕು."

ಅವಮಾನ ನುಂಗಿಕೊಂಡು, ಹೇಳದೆ ಕೇಳದೆ, ಬಾಡಿಗೆ ಲಾರಿ ಹತ್ತಿ ನಡುಮಧ್ಯಾಹ್ನ ಬಂದಿಳಿದ.

ಅಲ್ಲಿ ಇನ್ನೊಂದು ವಿಚಿತ್ರ ಕಾದಿತ್ತು. ಪೆಟ್ಟಿಗೆ ಕೊಡಲು ಒಬ್ಬರೂ ತಯಾರಿಲ್ಲ!

"ಇರ್ಲಿ ಬಿಡಿ, ಸಂಡಿಗೆ ಒಣಗಿಸ್ಕೋತೀವಿ," ಎಂದಳು ಸಾವಿತ್ರಮ್ಮ, ಬಾಗಿಲಿಗೆ ಅಡ್ಡ ನಿಂತು. ಪಕ್ಕದ ಮನೆಯ ತೀರ್ಥಪ್ಪನಂತೂ ಪೆಟ್ಟಿಗೆಯ ಮೇಲೇ ಕೂತುಬಿಟ್ಟ. "ಕೆಟ್ಟಿದ್ರೂ ನಮ್ದೇ ಅಲ್ವೇನ್ರೀ?"

ಲಕ್ಷ್ಮೀಪತಿಗೆ ಅಳು ಬರುವಂತಾಯಿತು. "ಬೇಯದ ಪೆಟ್ಟಿಗೆ ಇಟ್ಕೊಂಡು ಪೂಜೆ ಮಾಡ್ತೀರಾ?" ಎಂದು ಬೀದಿಯಲ್ಲೇ ಕೂಗಾಡಿದ. ಬೈಸಿಕೊಂಡರೂ ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದು ಅವನನ್ನು ಇನ್ನಷ್ಟು ಕೆರಳಿಸಿತು.

ವಿಮಲಮ್ಮ ಹೊರಗೆ ಬಂದಳು. "ಉಣ್ಣೋ ಹೊತ್ನಲ್ಲಿ ಹಿಂಗೆಲ್ಲ ಕೂಗಾಡ್ಬಾರ್ದು. ಬನ್ನಿ, ಎರಡು ತುತ್ತು ಉಂಡು ಹೋಗಿ."

ಬೇಡವೆನ್ನಲು ಅವನಲ್ಲಿ ತ್ರಾಣವಿರಲಿಲ್ಲ. ತಟ್ಟೆಗೆ ಹೊಗೆಯಾಡುವ ಅನ್ನ ಬಿತ್ತು, ಮೇಲೆ ತೊಗರಿಬೇಳೆ ಸಾರು. ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಹಸಿದವನು ಗಬಗಬನೆ ಉಂಡ. ಕೈ ತೊಳೆಯಲು ಅಡುಗೆಮನೆ ದಾಟಿ ಹಿತ್ತಲಿಗೆ ಹೊರಟವನು ನಡುವೆ ನಿಂತ. ಒಲೆಯ ಬೂದಿಯ ಮೇಲೆ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಸ್ಟೋವಿನ ಮೇಲೆ ಧೂಳು ಕೂತಿತ್ತು.

"ಏನಮ್ಮಾ ಇದು? ಒಲೇನೇ ಹಚ್ಚಿಲ್ವಲ್ಲ!"

ವಿಮಲಮ್ಮ ಗಂಡನ ಮುಖ ನೋಡಿದಳು. ಕಲ್ಲೇಶಪ್ಪ ಸೂರು ನೋಡಿದ.

"ಬೇಯ್ತದೆ ಸ್ವಾಮಿ," ಎಂದಳು ಕೊನೆಗೆ. "ಮೊದಲ್ನೇ ದಿನದಿಂದ್ಲೂ ಬೇಯ್ತಿದೆ, ಎಲ್ಲರ ಮನೇಲೂ. ನಿಮ್ ಜೀಪಿನ ಸದ್ದು ಕೇಳಿದ್ ಕೂಡ್ಲೇ ಬೆಂದಿದ್ದನ್ನ ಇಳಿಸಿ ಹಸಿ ಅಕ್ಕಿ ಇಡ್ತಿದ್ವಿ. ಇವತ್ತು ಲಾರೀಲಿ ಬರ್ತೀರಿ ಅಂತ ಗೊತ್ತಾಗ್ಲಿಲ್ಲ."

ಅವನು ಎಂಜಲು ಕೈಯಲ್ಲೇ ಅವಳತ್ತ ತಿರುಗಿದ. "ಯಾಕಮ್ಮಾ? ನನ್ ಮೇಲೇನು ಹಗೆ ನಿಮಗೆ?"

"ಹಗೆ ಯಾಕೆ? ನಿಮ್ ಹೆಸರು ಹೇಳ್ಕೊಂಡೇ ಉಣ್ತಿದೀವಿ. ಆದ್ರೆ ಇದು ಬೇಯ್ತದೆ ಅಂತ ಬರ್ಕೊಂಡ್ರೆ ರೇಷನ್ ಸೀಮೆಎಣ್ಣೆ ನಿಲ್ಲಿಸ್ಬಿಡ್ತಾರೆ. ಕರೆಂಟು ಸಂಜೆ ಆದ್ರೆ ಇರಲ್ಲ. ಆಮೇಲೆ ಮಕ್ಕಳು ಯಾವ ದೀಪದಲ್ಲಿ ಓದಬೇಕು?"

"ನಿಲ್ಲಿಸ್ತಾರೆ ಅಂತ ಯಾವ ತಲೆಕೆಟ್ಟವನು ಹೇಳಿದ್ದು?" ಎಂದು ಲಕ್ಷ್ಮೀಪತಿ ಕಿರುಚಿದ.

ವಿಮಲಮ್ಮ ಮೆಲ್ಲಗೆ ಅವನ ಕೈಗೆ ನೀರು ಹೊಯ್ದಳು. "ನೀವೇ ಸ್ವಾಮಿ. ಶಾಲೆ ಮೈದಾನದಲ್ಲಿ, ಮೈಕ್ ಹಿಡ್ಕೊಂಡು, 'ಈ ಪೆಟ್ಟಿಗೆ ತಗೊಂಡೋರಿಗೆ ಇನ್ನು ಸೀಮೆಎಣ್ಣೆಯೇ ಬೇಕಾಗಿಲ್ಲ' ಅಂದ್ರಲ್ಲ."