ಸಿಹಿ ಬಾಟಲಿ, ಒಗರು ಬಾಟಲಿ

ತಿಪ್ಪೇರುದ್ರಮ್ಮ ಎರಡು ಬಾಟಲಿಗಳ ಔಷಧಿಯನ್ನು ಒಂದೇ ಲೋಟಕ್ಕೆ ಸುರಿದು ಕಲಕುತ್ತಿದ್ದಾಗಲೇ ಪ್ರಭು ಡಾಕ್ಟರು ವಾರ್ಡಿನೊಳಗೆ ಬಂದರು. ಚಳ್ಳಕೆರೆಯ ಆ ಮಕ್ಕಳ ಆಸ್ಪತ್ರೆಯಲ್ಲಿ ಅವರನ್ನು ಅಷ್ಟು ಸಿಟ್ಟಿನಲ್ಲಿ ಯಾರೂ ಕಂಡಿರಲಿಲ್ಲ.

"ಏನಮ್ಮಾ ಮಾಡ್ತಿದೀಯಾ? ಅವರ ಬಾಟ್ಲಿ ಅವರಿಗೆ, ನಿಮ್ಮ ಬಾಟ್ಲಿ ನಿಮಗೆ ಅಂತ ಎಷ್ಟು ಸಲ ಹೇಳಿಲ್ಲ?"

"ಕಲಸ್ತಿದೀನಿ ಸಾಹೇಬ್ರೇ. ಅರ್ಧ ನಮ್ ಕೂಸಿಗೆ, ಅರ್ಧ ಗುಲ್ಷನಮ್ಮನ ಮೊಮ್ಮಗಳಿಗೆ."

ನನ್ನಿವಾಳ ಹಳ್ಳಿಯ ತಿಪ್ಪೇರುದ್ರಮ್ಮನ ಮೊಮ್ಮಗ ಹುಟ್ಟಿ ಒಂಬತ್ತು ದಿನವಾಗಿತ್ತು. ಪಕ್ಕದ ಮಂಚದಲ್ಲಿ ಪೇಟೆಯ ಗುಲ್ಷನ್ ಬೀಯ ಮೊಮ್ಮಗಳು, ಅವಳಿಗೆ ಹನ್ನೊಂದು ದಿನ. ಎರಡೂ ಕೂಸುಗಳ ರಕ್ತಕ್ಕೆ ನಂಜೇರಿತ್ತು. ಇಬ್ಬರಿಗೂ ಹೊತ್ತುಹೊತ್ತಿಗೆ ಇಂಜೆಕ್ಷನ್, ಅದರ ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ಬಿಳಿ ಬಾಟಲಿ. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಗುಲ್ಷನ್ ಬೀಯ ಕೂಸು ಮೊನ್ನೆಯಿಂದ ಮೊಲೆ ಹಿಡಿದು ಚೀಪುತ್ತಿತ್ತು, ವಾರ್ಡು ಹಾರಿಹೋಗುವಂತೆ ಅಳುತ್ತಿತ್ತು. ತಿಪ್ಪೇರುದ್ರಮ್ಮನ ಕೂಸು ಮಾತ್ರ ಕಣ್ಣನ್ನೂ ಸರಿಯಾಗಿ ಬಿಡುತ್ತಿರಲಿಲ್ಲ. ಸೊಸೆ ಮಂಜಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು.

ಕೂಸಿನ ಬಾಯಿಗೆ ಹೋಗುವುದೆಲ್ಲ ಮೊದಲು ಮನೆಯ ಹಿರಿಯಳ ನಾಲಿಗೆಗೆ ತಾಕಬೇಕು. ಐದು ಮಕ್ಕಳನ್ನು ತಿಪ್ಪೇರುದ್ರಮ್ಮ ಸಾಕಿದ್ದೇ ಹಾಗೆ. ತನ್ನ ಬಾಟಲಿಯ ಔಷಧಿಯನ್ನು ದಿನವೂ ಒಂದು ಹನಿ ನೆಕ್ಕಿ ನೋಡಿಯೇ ಕೂಸಿಗೆ ಕುಡಿಸುವ ಒಳಲೆಗೆ ಹಾಕುತ್ತಿದ್ದಳು. ಸಕ್ಕರೆ ಪಾಕ, ಮತ್ತೇನಿಲ್ಲ. ಇವತ್ತು ಬೆಳಗ್ಗೆ ಏನೋ ತೋಚಿ ಗುಲ್ಷನ್ ಬೀಯ ಬಾಟಲಿಯದ್ದೂ ಒಂದು ಹನಿ ನೆಕ್ಕಿದಳು. ಮೊದಲು ಸಿಹಿ, ಆಮೇಲೆ ನಾಲಿಗೆ ಹಿಡಿಯುವ ಒಗರು. ತನ್ನ ಬಾಟಲಿಯಲ್ಲಿ ಆ ಒಗರೇ ಇರಲಿಲ್ಲ; ಎರಡನ್ನೂ ಗುಲ್ಷನ್ ಬೀಯ ಮುಂದೆ ಹಿಡಿದಳು. ಗುಲ್ಷನ್ ಬೀ ಎರಡೂ ಹನಿ ನೆಕ್ಕಿ ನೋಡಿದವಳು, "ತಗೋ ಅಕ್ಕಾ, ಎಲ್ಡೂ ಕೂಸೇ ಅಲ್ವಾ" ಅಂದು ತನ್ನ ಬಾಟಲಿಯನ್ನು ಕೈಗಿಟ್ಟಿದ್ದಳು.

"ಇದು ಪ್ರಯೋಗ ಕಣಮ್ಮಾ!" ಡಾಕ್ಟರು ಕೂಗಿದರು. "ಅರ್ಧ ಮಕ್ಕಳಿಗೆ ಜಿಂಕ್, ಅರ್ಧ ಮಕ್ಕಳಿಗೆ ಬರೀ ಪಾಕ. ಜಿಂಕ್ ಕೊಟ್ರೆ ನಂಜು ಬೇಗ ಇಳಿಯುತ್ತಾ ಅಂತ ನೋಡೋಕೆ. ಎಲ್ಲಾ ಹಾಳು ಮಾಡಿಟ್ರಲ್ಲ!"

ತಾಳ್ಮೆಯಿದ್ದಾಗ ಹೇಳದ ಮಾತು ಸಿಟ್ಟಿನಲ್ಲಿ ಪೂರ್ತಿ ಹೊರಗೆ ಬಂತು. ಬಾಣಂತಿಯರೆಲ್ಲ ಎದ್ದು ಕೂತರು. ತಿಪ್ಪೇರುದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಅಂದ್ರೆ, ಐದು ದಿನದಿಂದ ನನ್ ಕೈಲೇ ನನ್ ಮೊಮ್ಮಗನಿಗೆ ಸಕ್ರೆ ನೀರು ಕುಡಿಸಿದ್ರಿ."

"ಇಂಜೆಕ್ಷನ್ ಎಲ್ಲರಿಗೂ ಒಂದೇ ಅಮ್ಮಾ. ಜಿಂಕ್ ಕೆಲಸ ಮಾಡುತ್ತೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಒಪ್ಪಿಗೆ ಅಂತ ಹೆಬ್ಬೆಟ್ಟು ಒತ್ತಿದ್ದೀಯಲ್ಲ?"

"'ಶಕ್ತಿ ಔಷಧಿ, ಒತ್ತಮ್ಮಾ' ಅಂದೋರು ನೀವೇ. ಕೂಸು ಸಾಯಂಗೈತೆ, ನೀವು ಯಾವ ಕಾಗ್ದ ಚಾಚಿದ್ರೂ ಒತ್ತೀನಿ ನಾನು!" ಅವಳ ದನಿ ತಗ್ಗಲಿಲ್ಲ. "ಹೊಸ ಶೇಂಗಾ ಬೀಜ ಬಂದ್ರೆ ನಾವೂ ಅರ್ಧ ಹೊಲಕ್ಕೆ ಹೊಸದು, ಅರ್ಧಕ್ಕೆ ಹಳೇದು ಹಾಕಿ ನೋಡ್ತೀವಿ. ನೋಡೋದು ತಪ್ಪು ಅನ್ನಲ್ಲ. ಆದ್ರೆ ಹೊಲದೋರಿಗೆ ಹೇಳಿ ಹಾಕ್ತೀವಿ ಸಾಹೇಬ್ರೇ, ಕದ್ದು ಹಾಕಲ್ಲ."

ಡಾಕ್ಟರು ಕೈಯಲ್ಲಿದ್ದ ಪಟ್ಟಿಯಲ್ಲಿ ಎರಡು ಗೆರೆ ಎಳೆದು, ಎರಡೂ ಬಾಟಲಿಗಳನ್ನು ಕೋಟಿನ ಜೇಬಿಗೆ ಇಳಿಸಿದರು. "ಇನ್ನು ಈ ಎರಡು ಮಕ್ಕಳು ಲೆಕ್ಕಕ್ಕಿಲ್ಲ" ಎಂದರು.

"ಹಾಯ್ ಅಲ್ಲಾ! ಬದುಕಿರೋ ಕೂಸು ಲೆಕ್ಕಕ್ಕಿಲ್ವಾ?" ಎಂದಳು ಗುಲ್ಷನ್ ಬೀ.

ಡಾಕ್ಟರ ಕೈ ಲೋಟದ ಕಡೆಗೂ ಬಂತು. ತಿಪ್ಪೇರುದ್ರಮ್ಮ ಅದನ್ನು ಎದೆಗವಚಿ ತಿರುಗಿ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಒಂದೊಂದೇ ಹನಿ ಬಿಟ್ಟಳು. ಕೂಸು ಗುಟುಕರಿಸಿತು. ಉಳಿದರ್ಧವನ್ನು ಗುಲ್ಷನ್ ಬೀಯ ಕೈಗೆ ದಾಟಿಸಿದಳು. ಡಾಕ್ಟರು ನೋಡುತ್ತ ನಿಂತರು, ಆಮೇಲೆ ಬಾಗಿಲ ಕಡೆ ತಿರುಗಿದರು.

ಬಾಗಿಲ ಹತ್ತಿರದ ಮಂಚದಿಂದ ಮೊಳಕಾಲ್ಮೂರು ಕಡೆಯ ಬಾಣಂತಿಯೊಬ್ಬಳು, ಪಾಪಕ್ಕ, ಅವರ ಕೋಟಿನ ತುದಿ ಹಿಡಿದಳು. ಬಂದಾಗಿನಿಂದ ಅವಳು ಯಾರ ಹತ್ತಿರವೂ ಬಾಯಿಬಿಟ್ಟವಳಲ್ಲ.

"ಸಾರ್, ನನ್ ಮಗೀಗೆ ಕೊಟ್ಟಿರೋದು ಯಾವ್ದು? ಔಷಧೀನಾ, ಪಾಕಾನಾ?"

"ನನಗೂ ಗೊತ್ತಿಲ್ಲಮ್ಮಾ. ಯಾವ ನಂಬರಲ್ಲಿ ಯಾವುದಿದೆ ಅನ್ನೋ ಪಟ್ಟಿ ಬೆಂಗಳೂರಲ್ಲಿ ಸೀಲ್ ಮಾಡಿ ಇಟ್ಟಿದ್ದಾರೆ."

ಡಾಕ್ಟರು ಹೇಳಿದ್ದು ನಿಜ. ವಾರ್ಡಿನಲ್ಲಿ ಒಬ್ಬರೂ ನಂಬಲಿಲ್ಲ.